ಆಡೂ ಮುಟ್ಟದ ಸೊಪ್ಪು ಕೋಆಲಾಗೆ ಹೇಗೆ ಒಗ್ಗುತ್ತೆ? ವನ್ಯಜೀವಿ ಡಾಕ್ಟರ್‌ಗೆ ಕೇಳಿ

ಪ್ರಶ್ನೆ (ಇಪ್ಸ್‌ವಿಚ್, ಕ್ವೀನ್ಸ್‌ಲ್ಯಾಂಡ್): ನಮಸ್ಕಾರ ಡಾಕ್ಟ್ರೇ. ನಮ್ಮೂರು ಮುಳಬಾಗಿಲು ಕಡೆ. ಊರಿಂದ ಅಮ್ಮ ಬಂದಿದ್ದಾರೆ. ಹಿತ್ತಲ ಬೇಲಿಯಾಚೆ ದೊಡ್ಡದೊಂದು ನೀಲಗಿರಿ ಮರ ಇದೆ. ಮೂರು ದಿನದಿಂದ ಅದರಲ್ಲಿ ಒಂದು ಕೋಆಲಾ, ಅದೇ ಕರಡಿಮರಿ ಥರ ಕಾಣೋ ಆಸ್ಟ್ರೇಲಿಯಾದ ಪ್ರಾಣಿ, ಕೂತಿದೆ. ಅಮ್ಮ ಕೇಳ್ತಾರೆ: "ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆದ್ರೆ ನಮ್ಮ ಆಡೂ ನೀಲಗಿರಿಗೆ ಬಾಯಿ ಹಾಕಲ್ಲ. ಇದು ಹೆಂಗೆ ತಿನ್ನುತ್ತೆ? ಹಗಲೆಲ್ಲ ನಿದ್ದೆ ಹೊಡೆಯೋದು ಆ ಸೊಪ್ಪಿನ ಅಮಲಿಗಾ?" ನನ್ನದೂ ಒಂದು ಪ್ರಶ್ನೆ. ಬಿಸಿಲು ಜೋರಾಗಿದೆ, ಅದಕ್ಕೆ ನೀರು ಕುಡಿಸಬಹುದಾ?

ಉತ್ತರ: ಅಮ್ಮನ ಗಾದೆ ನನಗೆ ಬಹಳ ಹಿಡಿಸಿತು. ಅವರ ಆಡು ಜಾಣ ಆಡೇ. ನೀಲಗಿರಿ ಎಲೆಯಲ್ಲಿ ಎಣ್ಣೆ, ಒಗರು ಕೊಡುವ ಟ್ಯಾನಿನ್, ಇನ್ನೂ ಕೆಲವು ವಿಷದ ಅಂಶಗಳಿವೆ. ನಾರು ಜಾಸ್ತಿ, ಪ್ರೋಟೀನ್ ಕಡಿಮೆ. ಕೋಆಲಾದ ಲಿವರ್ ಆ ವಿಷವನ್ನು ಬೇಗ ಒಡೆದು ಹೊರಹಾಕುತ್ತದೆ. 2018ರಲ್ಲಿ ಅದರ ಪೂರ್ತಿ ಜೀನೋಮ್, ಅಂದ್ರೆ ಎಲ್ಲ ಜೀನ್‌ಗಳ ಬರಹ, ಓದಿದಾಗ, ಈ ಕೆಲಸ ಮಾಡುವ ಜೀನ್‌ಗಳು ಅದರಲ್ಲಿ ತುಂಬಾ ಹೆಚ್ಚಿರುವುದು ಕಂಡಿತು. ಕಹಿ ರುಚಿ ಗುರುತಿಸುವ ಜೀನ್‌ಗಳೂ ಹಾಗೇ.

ಅಮಲು ಅನ್ನೋದು ಸುಮ್ನೆ ಕಟ್ಟುಕಥೆ. ದಿನಕ್ಕೆ ಹೆಚ್ಚು ಕಡಿಮೆ ಅರ್ಧ ಕಿಲೋ ಸೊಪ್ಪು ತಿಂದರೂ ಸಿಗುವ ಶಕ್ತಿ ಸ್ವಲ್ಪವೇ. ಖರ್ಚು ಮಾಡದೆ ಉಳಿಸಿಕೊಳ್ಳುವುದೊಂದೇ ದಾರಿ. ಹಾಗಾಗಿ ದಿನಕ್ಕೆ 18-20 ಗಂಟೆ ನಿದ್ದೆ, ವಿಶ್ರಾಂತಿ. ಸೋಮಾರಿ ಅನ್ನಬೇಡಿ ಪಾಪ, ಹೊಟ್ಟೆ ಕೆಲಸ ಮಾಡ್ತಾನೇ ಇರುತ್ತದೆ. ಸಣ್ಣಗೆ ಅಗಿದ ಸೊಪ್ಪು ಸುಮಾರು ಎರಡು ಮೀಟರ್ ಉದ್ದದ ಸೀಕಮ್ ಅನ್ನೋ ಕರುಳಿನ ಚೀಲದಲ್ಲಿ ದಿನಗಟ್ಟಲೆ ಹುದುಗುತ್ತಾ ಇರುತ್ತದೆ.

ಪ್ರಶ್ನೆ (ಮೆಲ್ಬರ್ನ್): ಹಾಗಾದ್ರೆ ಯಾವ ನೀಲಗಿರಿ ಸಿಕ್ಕಿದರೂ ತಿನ್ನುತ್ತಾ?

ಉತ್ತರ: ಅಯ್ಯೋ, ಇಲ್ಲ! ಇದರಷ್ಟು ನಖರಾ ಮಾಡುವ ಪ್ರಾಣಿ ನಾನು ನೋಡಿಲ್ಲ. ಆಸ್ಟ್ರೇಲಿಯಾದಲ್ಲಿ 700ಕ್ಕೂ ಹೆಚ್ಚು ಜಾತಿಯ ನೀಲಗಿರಿ ಇವೆ. ಒಂದು ಪ್ರದೇಶದ ಕೋಆಲಾ ಅದರಲ್ಲಿ ಕೆಲವನ್ನೇ ನೆಚ್ಚಿಕೊಂಡಿರುತ್ತದೆ. ನಿಮ್ಮ ವಿಕ್ಟೋರಿಯಾದಲ್ಲಿ ಮ್ಯಾನಾ ಗಮ್ ಅನ್ನೋ ಜಾತಿಯ ನೀಲಗಿರಿ ಅಂದ್ರೆ ಪ್ರಾಣ. ನಮ್ಮ ಆಸ್ಪತ್ರೆಯಲ್ಲಿ ಸಂಜೆ ಹೊಸದಾಗಿ ಕಡಿದ ಟೊಂಗೆಗಳನ್ನು ನೀರು ತುಂಬಿದ ಪೈಪುಗಳಲ್ಲಿ ನಿಲ್ಲಿಸುತ್ತೇವೆ. ಕೋಆಲಾ ಕೈಚಾಚಿ ಟೊಂಗೆ ಎಳೆದು, ದಪ್ಪ ಮೂಗಿಗೆ ಒತ್ತಿಕೊಂಡು ಮೂಸುತ್ತದೆ. ಸರಿ ಬರಲಿಲ್ಲವೋ, ಬಿಟ್ಟು ಮುಂದಿನದಕ್ಕೆ. ಬೆಳಿಗ್ಗೆ ನೋಡಿದರೆ ಒಂದು ಜಾತಿಯ ಚಿಗುರೆಲ್ಲ ಖಾಲಿ, ಪಕ್ಕದ್ದು ಹಾಗೇ ನಿಂತಿರುತ್ತದೆ. ಒಂದೇ ಜಾತಿಯ ಎರಡು ಮರಗಳಲ್ಲೂ ಒಂದು ಬೇಕು, ಇನ್ನೊಂದು ಬೇಡ. ಯಾಕಂದ್ರೆ ವಿಷದ ಅಂಶ ಮರದಿಂದ ಮರಕ್ಕೆ ಬೇರೆ.

ಪ್ರಶ್ನೆ (ಇಪ್ಸ್‌ವಿಚ್): ಅಮ್ಮ ನಗ್ತಿದ್ದಾರೆ. ನಮ್ಮ ಕೋಲಾರದ ತೋಪಲ್ಲಿ ಬಿಟ್ಟರೆ ಬದುಕುತ್ತಾ ಅಂತೆ?

ಉತ್ತರ: ತಮಾಷೆ ಏನು ಗೊತ್ತಾ? ನಮ್ಮಲ್ಲಿ ಮೈಸೂರು ಗಮ್ ಅಂತ ನೆಟ್ಟಿದ್ದು ಮುಖ್ಯವಾಗಿ ಯೂಕಲಿಪ್ಟಸ್ ಟೆರೆಟಿಕಾರ್ನಿಸ್. ಕ್ವೀನ್ಸ್‌ಲ್ಯಾಂಡ್ ಕೋಆಲಾಗಳಿಗೆ ಅಚ್ಚುಮೆಚ್ಚಿನ ಮರವೂ ಅದೇ! ನಿಮ್ಮ ಬೇಲಿಯಾಚೆಯದೂ ಅದೇ ಇರಬಹುದು, ಒಂದು ಫೋಟೋ ಹಾಕಿ. ಆದರೆ ಮರದ ಹೆಸರು ಒಂದೇ ಆದರೆ ಸಾಲದು, ಹೊಟ್ಟೆಯೂ ಒಪ್ಪಬೇಕು.

ಆ ಹೊಟ್ಟೆ ಬರುವುದು ತಾಯಿಯಿಂದ. ಮರಿ ಹುಟ್ಟುವಾಗ ಒಂದು ಗ್ರಾಮ್ ಕೂಡ ಇರುವುದಿಲ್ಲ. ಸುಮಾರು ಆರು ತಿಂಗಳು ತಾಯಿಯ ಹೊಟ್ಟೆಯ ಮೇಲಿನ ಚರ್ಮದ ಚೀಲದೊಳಗೆ ಹಾಲು. ಆಮೇಲೆ ಸೊಪ್ಪು ಶುರು ಮಾಡುವ ಮುಂಚೆ ತಲೆ ಹೊರಹಾಕಿ ತಾಯಿಯ ಹಿಂಭಾಗದಿಂದ ಬರುವ ಮೆತ್ತನೆ, ಅಂಬಲಿಯಂಥ ಪದಾರ್ಥ ನೆಕ್ಕುತ್ತದೆ. ಅದಕ್ಕೆ ಪ್ಯಾಪ್ ಅನ್ನುತ್ತಾರೆ. ಮಾಮೂಲಿ ಹಿಕ್ಕೆ ಅಲ್ಲ, ಸೀಕಮ್‌ನಿಂದ ಬಂದದ್ದು, ಬ್ಯಾಕ್ಟೀರಿಯಾ ತುಂಬಿದ್ದು. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಅಂದುಕೊಳ್ಳಿ. ಈ ಹೆಪ್ಪು ಕೆಟ್ಟರೆ ಕಥೆ ಮುಗೀತು. ಕೋಆಲಾಗಳಿಗೆ ಬ್ಯಾಕ್ಟೀರಿಯಾದಿಂದ ಬರುವ ಕ್ಲಮೈಡಿಯಾ ರೋಗ ಬಹಳ. ಅದಕ್ಕೆ ಆ್ಯಂಟಿಬಯೋಟಿಕ್ ಕೊಟ್ಟರೆ ಹೊಟ್ಟೆಯ ಬ್ಯಾಕ್ಟೀರಿಯಾವೂ ಸಾಯಬಹುದು. ರೋಗ ಇಳಿಯುತ್ತದೆ, ಆದರೆ ಎದುರಿಗೆ ಸೊಪ್ಪಿದ್ದರೂ ಪ್ರಾಣಿ ತಿನ್ನದೆ ಸೊರಗುತ್ತದೆ. ನನ್ನ ಕೆಲಸದಲ್ಲಿ ಹೊಟ್ಟೆ ಉರಿಯುವುದು ಆಗಲೇ.

ನೀರಿನ ವಿಷಯ ಮರೆತಿದ್ದೆ. ಹೆಚ್ಚಿನ ನೀರು ಎಲೆಯಿಂದಲೇ ಸಿಗುತ್ತದೆ, ಎಲೆಯ ತೂಕದಲ್ಲಿ ಅರ್ಧದಷ್ಟು ನೀರೇ. ಮಳೆ ಬಂದಾಗ ಕಾಂಡದ ಮೇಲೆ ಇಳಿಯುವ ನೀರನ್ನು ನೆಕ್ಕುತ್ತವೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇದನ್ನು ದಾಖಲಿಸಿದರು. ಬಾಟಲಿ ಎತ್ತಿ ಬಾಯಿಗೆ ಸುರಿಯಲೇಬೇಡಿ, ನೀರು ಶ್ವಾಸಕೋಶಕ್ಕೆ ಹೋಗಬಹುದು. ಮರದ ಬುಡದಲ್ಲಿ ಅಗಲ ಬೋಗುಣಿಯಲ್ಲಿ ನೀರಿಟ್ಟು ದೂರ ಬನ್ನಿ.

ಪ್ರಶ್ನೆ (ಇಪ್ಸ್‌ವಿಚ್): ಬೋಗುಣಿ ಇಟ್ಟಾಯ್ತು. ಬುಡದಲ್ಲಿ ಆಡಿನ ಹಿಕ್ಕೆಗಿಂತ ಉದ್ದನೆ ಹಿಕ್ಕೆ ಬಿದ್ದಿದೆ. ಅಮ್ಮ ಮೂಸಿ, ವಿಕ್ಸ್ ವಾಸನೆ ಅಂದ್ರು!

ಉತ್ತರ: ಸರಿಯಾಗೇ ಹೇಳಿದ್ದಾರೆ. ಹಿಕ್ಕೆ ಬೀಳ್ತಿದೆ ಅಂದ್ರೆ ಚೆನ್ನಾಗಿ ತಿನ್ನುತ್ತಿದೆ. ರಾತ್ರಿ ನೆಲಕ್ಕಿಳಿದು ಬೇರೆ ಮರಕ್ಕೆ ಹೋಗಬಹುದು, ಮನೇಲಿ ನಾಯಿ ಇದ್ದರೆ ಒಳಗೇ ಕಟ್ಟಿ.