ಸಹಾಯ ಬೇಕು: 2023ರ ಭತ್ತದ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಯಾರ ಹತ್ತಿರ ಇದೆ?

ಎಲ್ಲರಿಗೂ ನಮಸ್ಕಾರ. ನಾವು ಸಿಂಧನೂರಿನ ಡಿಗ್ರಿ ವಿದ್ಯಾರ್ಥಿಗಳು. ಜಗತ್ತಿನ ಅಕ್ಕಿ ವ್ಯಾಪಾರಕ್ಕೂ ನಮ್ಮ ಗದ್ದೆಗಳಿಗೂ ಏನು ಸಂಬಂಧ ಅಂತ ಅಧ್ಯಯನ ಮಾಡುತ್ತಿದ್ದೇವೆ.

2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಜಗತ್ತಿನ ಅಕ್ಕಿ ರಫ್ತಿನಲ್ಲಿ ಸುಮಾರು 40% ನಮ್ಮ ದೇಶದ್ದೇ ಅಲ್ವಾ? ಅಮೆರಿಕದಲ್ಲಿ ಸೋನಾ ಮಸೂರಿಗೆ ಜನ ಮುಗಿಬಿದ್ದರು. ಇದೆಲ್ಲ ಪೇಪರಿನಲ್ಲಿ ಸಿಗುತ್ತದೆ. ಆದರೆ ಅದೇ ವರ್ಷ ಇಲ್ಲಿ ಮಳೆಯೂ ಕೈಕೊಟ್ಟಿತು. ತುಂಗಭದ್ರಾ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರಿರಲಿಲ್ಲ. ಕೊನೆಗೆ ರೈತರ ಕೈಗೆ ಎಷ್ಟು ಬಂತು? ಗಿರಣಿ ಹಮಾಲರಿಗೆ ಕೆಲಸ ಕಡಿಮೆ ಆಯ್ತಾ? ನಮಗೆ ಜಾಸ್ತಿ ಮುಖ್ಯ ಇದೇ.

ದಲಾಲಿ ಅಂಗಡಿಯವರು ಕೊಟ್ಟ ಹಳೇ ಪಟ್ಟಿ ಇದ್ದರೆ ದಯವಿಟ್ಟು ಫೋಟೋ ತೆಗೆದು ಕಳಿಸಿ. ತಾರೀಖು, 75 ಕೆಜಿ ಚೀಲಕ್ಕೆ ಸಿಕ್ಕ ರೇಟು, ಹಮಾಲಿ, ಕಮಿಷನ್ ಅಂತ ಮುರಿದುಕೊಂಡದ್ದು, ಇಷ್ಟು ಕಾಣಿಸಿದರೆ ಸಾಕು. ಹೆಸರು, ಫೋನ್ ನಂಬರ್ ಬೆರಳಿಟ್ಟು ಮುಚ್ಚಿ. ಮಸುಕಾಗಿದ್ದರೂ ಪರವಾಗಿಲ್ಲ, ನಾವೇ ಕೂತು ಓದಿಕೊಳ್ಳುತ್ತೇವೆ. 2022ರ ಪಟ್ಟಿಯೂ ಇದ್ದರೆ ಹೋಲಿಸಲು ಬಹಳ ಅನುಕೂಲ.

ಗಂಗಾವತಿ, ಕಾರಟಗಿ, ಸಿರುಗುಪ್ಪದ ಅಣ್ಣ ಅಕ್ಕಂದಿರೂ ಕಳಿಸಬಹುದು. ಹಮಾಲರನ್ನು ಪರಿಚಯ ಮಾಡಿಸುವವರಿದ್ದರೆ ಇಲ್ಲೇ ಕಾಮೆಂಟ್ ಹಾಕಿ. ಅವರ ಬಿಡುವು ನೋಡಿಕೊಂಡು ನಾವೇ ಬರುತ್ತೇವೆ.