ಪ್ಯೊಂಗ್‌ಚಾಂಗ್ 2018 ಲೂಜ್: ಮೂರು ರನ್ ಆದಾಗ ಮೊದಲಿದ್ದ ಫೆಲಿಕ್ಸ್ ಲಾಖ್ ಐದನೇ ಸ್ಥಾನಕ್ಕೆ ಇಳಿದಿದ್ದು ಹೇಗೆ?

ಚುಮುಚುಮು_ಚಳಿ ಕೇಳಿದ್ದು:

2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಪುರುಷರ ಲೂಜ್ (ಮಂಜುಗಡ್ಡೆಯ ಇಳಿಜಾರು ಟ್ರ್ಯಾಕ್‌ನಲ್ಲಿ ಸ್ಲೆಡ್ ಮೇಲೆ ಮಲಗಿ ಜಾರುವ ಆಟ, ಒಂದು ಸಲ ಇಳಿದರೆ ಒಂದು ರನ್) ಫೈನಲ್ ವಿಡಿಯೋ ಈಗಷ್ಟೇ ನೋಡಿದೆ. ತಲೆಬುಡ ಅರ್ಥವಾಗಲಿಲ್ಲ. ಜರ್ಮನಿಯ ಫೆಲಿಕ್ಸ್ ಲಾಖ್ ಮೂರು ರನ್ ಮುಗಿದಾಗ ಎಲ್ಲರಿಗಿಂತ ಮುಂದಿದ್ದ. ಕೊನೇ ರನ್‌ನಲ್ಲಿ ಎಲ್ಲರೂ ಇಳಿದಾದ ಮೇಲೆ ಅವನು ಹೊರಟ. ಬೀಳಲಿಲ್ಲ, ಸ್ಲೆಡ್ ಮಗುಚಲಿಲ್ಲ. ನಡುವೆ ಒಂದು ಕಡೆ ಸ್ವಲ್ಪ ಅಡ್ಡ ತಿರುಗಿದ ಹಾಗೆ ಕಂಡಿತು, ಅಷ್ಟೇ. ಕೆಳಗೆ ಬಂದಾಗ ನೋಡಿದರೆ ಐದನೇ ಸ್ಥಾನ! ಚಿನ್ನ ಹೋಗಲಿ, ಕಂಚೂ ಇಲ್ಲ.

ಇಷ್ಟು ಸಣ್ಣ ತಪ್ಪಿಗೆ ಅಷ್ಟು ದೊಡ್ಡ ಬೆಲೆನಾ? ನಾಲ್ಕೂ ರನ್‌ಗಳ ಸಮಯ ಕೂಡಿಸುವ ಬದಲು ಲಾಂಗ್ ಜಂಪ್‌ನಲ್ಲಿ ಮಾಡುವ ಹಾಗೆ ಎಲ್ಲಕ್ಕಿಂತ ಒಳ್ಳೇದನ್ನು ಲೆಕ್ಕಕ್ಕೆ ತಗೊಂಡರೆ ಆಗಲ್ವಾ? ಆಮೇಲೆ ಗೆದ್ದ ಆಸ್ಟ್ರಿಯಾದ ಡೇವಿಡ್ ಗ್ಲೈರ್ಷರ್ ಅನ್ನುವವನ ಹೆಸರನ್ನೇ ನಾನು ಕೇಳಿರಲಿಲ್ಲ. ಬರೀ ಅದೃಷ್ಟಾನಾ ಅದು? ಈ ಆಟ ಗೊತ್ತಿರೋರು ಯಾರಾದರೂ ಸ್ವಲ್ಪ ಬಿಡಿಸಿ ಹೇಳಿ.

ಮಂಜುಗಡ್ಡೆ_ಮಾಮ:

ಮೊದಲು ಅಂಕಿ ನೋಡೋಣ, ಅರ್ಧ ಉತ್ತರ ಅಲ್ಲೇ ಇದೆ. ಲಾಖ್‌ನ ನಾಲ್ಕು ರನ್ ಹೀಗಿದ್ದವು: 47.674, 47.625, 47.560, 48.109 ಸೆಕೆಂಡ್. ಒಟ್ಟು 3 ನಿಮಿಷ 10.968 ಸೆಕೆಂಡ್. ಗ್ಲೈರ್ಷರ್‌ನ ಒಟ್ಟು 3 ನಿಮಿಷ 10.702. ಅಂದರೆ ಲಾಖ್ ಕೊನೇ ರನ್ನನ್ನು 47.84 ಸೆಕೆಂಡಿನೊಳಗೆ ಮುಗಿಸಿದ್ದರೆ ಸಾಕಿತ್ತು, ಚಿನ್ನ ಅವನದೇ. ಮೊದಲ ಮೂರೂ ರನ್‌ಗಳಲ್ಲಿ ಅದಕ್ಕಿಂತ ಬೇಗ ಇಳಿದಿದ್ದ. ನಿಧಾನವಾಗಿ ಹೋದರೂ ಗೆಲ್ಲುವಷ್ಟು ಜಾಗ ಇತ್ತು ಅವನಿಗೆ. ಅದಕ್ಕೇ ಆ ಫಲಿತಾಂಶ ಅಷ್ಟು ಚುಚ್ಚುತ್ತೆ.

ಈಗ ಆ "ಸ್ವಲ್ಪ ಅಡ್ಡ ತಿರುಗಿದ್ದು" ಯಾಕೆ ಅಷ್ಟು ದುಬಾರಿ ಆಯಿತು ಅನ್ನೋದು. ಲೂಜ್ ಸ್ಲೆಡ್‌ಗೆ ಎಂಜಿನ್ ಇಲ್ಲ, ಬ್ರೇಕ್ ಕೂಡ ಇಲ್ಲ. ಮೇಲೆ ಎರಡು ಹಿಡಿಕೆ ಹಿಡಿದು ಹಿಂದೆ ಮುಂದೆ ತೂಗಿ ತಮ್ಮನ್ನು ತಾವೇ ಎಳೆದು ಬಿಡುತ್ತಾರೆ. ಆಮೇಲೆ ಬೆರಳ ತುದಿಯಲ್ಲಿ ಮುಳ್ಳಿರುವ ಗ್ಲೌಸ್‌ನಿಂದ ಮಂಜುಗಡ್ಡೆಯನ್ನು ಕೆಲವು ಸಲ ಪರಚಿ ವೇಗ ತಗೊಳ್ಳುತ್ತಾರೆ. ಅಲ್ಲಿಗೆ ಮುಗೀತು. ಆಮೇಲೆ ಮಲಗಬೇಕು, ಕಾಲು ಮುಂದೆ, ಮುಖ ಆಕಾಶಕ್ಕೆ. ಉಳಿದ ಕೆಲಸ ಇಳಿಜಾರಿನದು. ಹಾಗಾಗಿ ನಡುದಾರಿಯಲ್ಲಿ ಗೋಡೆಗೆ ತಾಗಿ ವೇಗ ಕಳಕೊಂಡರೆ ಅದನ್ನು ಮತ್ತೆ ಪಡೆಯಲು ನಿಮ್ಮ ಕೈಲಿ ಏನೂ ಇರಲ್ಲ. ತಾಗಿದ ಆ ಕ್ಷಣದಲ್ಲಿ ಹೋಗೋದು ತೀರ ಸ್ವಲ್ಪ. ಆದರೆ ಅಲ್ಲಿಂದ ಕೆಳಗಿನ ಪ್ರತಿ ತಿರುವಿಗೂ ಕಡಿಮೆ ವೇಗದಲ್ಲೇ ಹೋಗಬೇಕು, ನಷ್ಟ ಬೆಳೀತಾನೇ ಹೋಗುತ್ತೆ. ಸಾಲಕ್ಕೆ ಬಡ್ಡಿ ಏರಿದ ಹಾಗೆ. ಟಿವಿಯಲ್ಲಿ ಮೂಲೆಯಲ್ಲಿ ಓಡುವ ಆ ಹಸಿರು ಕೆಂಪು ಅಂಕಿಗಳನ್ನು ಗಮನಿಸಿ. ತಪ್ಪಾದ ಜಾಗದಲ್ಲಿ ಇರುವುದಕ್ಕಿಂತ ಕೆಳಗೆ ಬಂದಾಗ ವ್ಯತ್ಯಾಸ ಜಾಸ್ತಿ ಆಗಿರುತ್ತೆ.

ತಪ್ಪಾಗಿದ್ದು 9ನೇ ತಿರುವಿನಲ್ಲಿ. ಆ ಟ್ರ್ಯಾಕ್‌ನಲ್ಲಿ ಒಟ್ಟು 16 ತಿರುವು. ಅದರಲ್ಲಿ ಇದೊಂದು ಎಲ್ಲರ ತಲೆನೋವು. ನೋಡೋಕೆ ಭಯಂಕರ ಏನಲ್ಲ, ಅಲ್ಲಿ ಅತಿ ವೇಗವೂ ಇರಲ್ಲ. ಆದರೆ ಹೊರಗೆ ಬರುವಾಗ ಸ್ಲೆಡ್‌ನ ದಾರಿ ಚೂರು ತಪ್ಪಿದರೂ ಮುಂದಿನ ಚಿಕ್ಕ ತಿರುವುಗಳಲ್ಲಿ ಗೋಡೆಯಿಂದ ಗೋಡೆಗೆ ಬಡಿಸಿಕೊಂಡು ಹೋಗಬೇಕು. ಅದೇ ಒಲಿಂಪಿಕ್ಸ್‌ನ ಮಹಿಳೆಯರ ಕೊನೇ ರನ್‌ನಲ್ಲಿ ಅಮೆರಿಕದ ಎಮಿಲಿ ಸ್ವೀನಿ ಇದೇ ಜಾಗದಲ್ಲಿ ಹಿಡಿತ ತಪ್ಪಿ ಜೋರಾಗಿ ಬಿದ್ದರು. ಆ ವಿಡಿಯೋ ನೋಡಿದರೆ ಲಾಖ್ ಬೀಳದೆ ಕೆಳಗೆ ಬಂದಿದ್ದೇ ಅವನ ಕೈಚಳಕ ಅನ್ಸುತ್ತೆ.

ಮ್ಯೂನಿಕ್_ಕನ್ನಡಿಗ:

ಮಾಮ ಸರಿಯಾಗಿ ಹೇಳಿದ್ದಾರೆ. ನಾನು ಇಲ್ಲಿನ ಕಡೆಯಿಂದ ಸ್ವಲ್ಪ ಸೇರಿಸ್ತೀನಿ. ಬವೇರಿಯಾದಲ್ಲಿ ಇದು ಯಾರೂ ನೋಡದ ಆಟ ಅಲ್ಲ. ಚಳಿಗಾಲದಲ್ಲಿ ಭಾನುವಾರ ಟಿವಿ ಹಾಕಿದರೆ ಬೆಳಗ್ಗೆಯಿಂದ ಸಂಜೆವರೆಗೂ ಸ್ಕೀ, ಬಯಾಥ್ಲಾನ್, ಲೂಜ್, ಬಾಬ್‌ಸ್ಲೆಡ್ ಬರ್ತಾನೇ ಇರುತ್ತೆ.

ಲಾಖ್ ಮೇಲೆ ಎಷ್ಟು ಭಾರ ಇತ್ತು ಅಂತ ತಿಳಿಯಬೇಕು. 2010ರಲ್ಲಿ ವ್ಯಾಂಕೂವರ್‌ನಲ್ಲಿ 20ನೇ ವಯಸ್ಸಿಗೇ ಚಿನ್ನ. 2014ರಲ್ಲಿ ಸೋಚಿಯಲ್ಲಿ ಮತ್ತೆ ಚಿನ್ನ. 2018ರಲ್ಲೂ ಗೆದ್ದಿದ್ದರೆ ಸತತ ಮೂರು ಆಗುತ್ತಿತ್ತು, ಅಂದರೆ ಗೆಯೋರ್ಗ್ ಹಾಕ್ಲ್ 1992, 1994, 1998ರಲ್ಲಿ ಮಾಡಿದ್ದರ ಸಮ. ಆ ಹಾಕ್ಲ್ ಕೂಡ ಆಗ ಇದೇ ತಂಡದ ಕೋಚ್‌ಗಳಲ್ಲಿ ಒಬ್ಬನಾಗಿದ್ದ. ಆಗಿನ ಮುಖ್ಯ ಕೋಚ್ ಯಾರು ಗೊತ್ತಾ? ಲಾಖ್‌ನ ಅಪ್ಪ, ನಾರ್ಬರ್ಟ್ ಲಾಖ್. ಸೋತು ಕೆಳಗೆ ಬಂದವನು ತಲೆ ತಗ್ಗಿಸಿ ಕೂತಾಗ ಹತ್ತಿರ ಬಂದು ಸಮಾಧಾನ ಮಾಡಿದ್ದೂ ಅಪ್ಪನೇ. ಕೋಚ್ ಆಗಿ ಬಂದನೋ ಅಪ್ಪನಾಗಿ ಬಂದನೋ ಹೇಳೋದು ಕಷ್ಟ.

ಇನ್ನೊಂದು ಪೆಟ್ಟು ಜನ ಮರೀತಾರೆ. ಟೀಮ್ ರಿಲೇಯಲ್ಲಿ (ಒಂದು ದೇಶದ ತಂಡದವರು ಒಬ್ಬರಾದ ಮೇಲೆ ಒಬ್ಬರು ಇಳಿಯುವ ಸ್ಪರ್ಧೆ) ಜರ್ಮನಿ ಚಿನ್ನ ಗೆದ್ದಿತು, ಆದರೆ ಅದರಲ್ಲಿ ಲಾಖ್ ಇರಲಿಲ್ಲ. ಸಿಂಗಲ್ಸ್‌ನಲ್ಲಿ ಕಂಚು ಗೆದ್ದ ಯೋಹಾನ್ನೆಸ್ ಲುಡ್ವಿಗ್‌ಗೆ ಆ ಜಾಗ ಹೋಯಿತು. ಒಂದು ತಿರುವಿನಲ್ಲಿ ಎರಡು ಚಿನ್ನ ಕಳೆದುಕೊಂಡ ಅಂದರೂ ತಪ್ಪಿಲ್ಲ.

ಹಾಗಂತ ನನಗೆ ಅವನ ಮೇಲೆ ಪೂರ್ತಿ ಕನಿಕರ ಇಲ್ಲ. ಅಷ್ಟು ಜಾಗ ಇದ್ದಾಗ 9ನೇ ತಿರುವನ್ನು ಸುರಕ್ಷಿತವಾಗಿ ದಾಟುವುದೂ ಆಟದ ಭಾಗವೇ ಅಲ್ವಾ. ದುರದೃಷ್ಟ ಅನ್ನುವ ಮಾತನ್ನು ನಾನು ಒಪ್ಪಲ್ಲ.

ಚುಮುಚುಮು_ಚಳಿ:

ಅಬ್ಬಾ, ಅಪ್ಪನೇ ಕೋಚಾ! ಇದು ಗೊತ್ತಿರಲಿಲ್ಲ. ಬಡ್ಡಿ ಲೆಕ್ಕ ಅರ್ಥವಾಯಿತು ಮಾಮ, ಥ್ಯಾಂಕ್ಸ್. ಆದರೆ ಗ್ಲೈರ್ಷರ್ ವಿಷಯ ಯಾರೂ ಹೇಳಲಿಲ್ಲ. ಲಾಖ್ ತಪ್ಪು ಮಾಡಿದ್ದಕ್ಕೇ ತಾನೇ ಅವನು ಗೆದ್ದಿದ್ದು?

ತಿರುವು_ಹದಿಮೂರು:

ಇಲ್ಲ ಗುರು, ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಮೊದಲ ರನ್ ಆದಾಗ ಮುಂದೆ ಇದ್ದವನು ಗ್ಲೈರ್ಷರ್, ಲಾಖ್ ಅಲ್ಲ. ಎರಡನೇ ರನ್‌ನಲ್ಲಿ ಮಾತ್ರ ಸ್ವಲ್ಪ ಜಾರಿದ. ಕೊನೇ ರನ್‌ನಲ್ಲಿ 47.631, ಮೇಲಿನವರಿಗೆಲ್ಲ ಕೈಕಾಲು ನಡುಗುವ ಹೊತ್ತಿನಲ್ಲಿ. ಅದಕ್ಕೂ ಮುಂಚೆ ವರ್ಲ್ಡ್ ಕಪ್‌ನಲ್ಲಿ ಒಮ್ಮೆಯೂ ಮೊದಲ ಮೂರರಲ್ಲಿ ಬಂದವನಲ್ಲ, ಅದು ನಿಜ. ಆಸ್ಟ್ರಿಯಾದವರೇ 2017ರ ವಿಶ್ವ ಚಾಂಪಿಯನ್ ವೋಲ್ಫ್‌ಗಾಂಗ್ ಕಿಂಡ್ಲ್ ಮೇಲೆ ಕಣ್ಣಿಟ್ಟಿದ್ದರು. ಗ್ಲೈರ್ಷರ್‌ನ ಅಪ್ಪ ಕೂಡ ಒಲಿಂಪಿಕ್ಸ್‌ನಲ್ಲಿ ಲೂಜ್ ಆಡಿದವನು, ಹಾಗಾಗಿ ಎಲ್ಲಿಂದಲೋ ಉದುರಿದವನಲ್ಲ. 1968ರಲ್ಲಿ ಮಾನ್‌ಫ್ರೆಡ್ ಶ್ಮಿಡ್ ಗೆದ್ದ ಮೇಲೆ ಆಸ್ಟ್ರಿಯಾಗೆ ಪುರುಷರ ಸಿಂಗಲ್ಸ್ ಚಿನ್ನ ಬಂದಿದ್ದು 50 ವರ್ಷದ ಮೇಲೆ, ಇವನಿಂದ.

ಬೆಳ್ಳಿ ಗೆದ್ದ ಅಮೆರಿಕದ ಕ್ರಿಸ್ ಮಾಜ್ಡರ್ ಇವನಿಗಿಂತ ಹಿಂದೆ ಬಿದ್ದಿದ್ದು 0.026 ಸೆಕೆಂಡ್. ಮಾಜ್ಡರ್ ಮೂರನೇ ರನ್‌ನಲ್ಲಿ ಟ್ರ್ಯಾಕ್ ದಾಖಲೆಯನ್ನೇ ಮಾಡಿದ್ದ, 47.534. ಪುರುಷರ ಸಿಂಗಲ್ಸ್‌ನಲ್ಲಿ ಅಮೆರಿಕಕ್ಕೆ ಒಲಿಂಪಿಕ್ ಪದಕ ಬಂದಿದ್ದೇ ಅದು ಮೊದಲು.

ನನ್ನ ಕೇಳಿದರೆ ಅವತ್ತು ನಿಜವಾಗಿ ಹೊಟ್ಟೆ ಉರಿಸಿಕೊಳ್ಳಬೇಕಾದವನು ಲಾಖ್ ಅಲ್ಲ, ಇಟಲಿಯ ಡೊಮಿನಿಕ್ ಫಿಶ್ನಾಲರ್. ಲುಡ್ವಿಗ್ 3:10.932, ಫಿಶ್ನಾಲರ್ 3:10.934. ನಾಲ್ಕು ರನ್, ಎರಡು ದಿನ, ಕೊನೆಗೆ ಕಂಚಿಗೂ ಬರಿಗೈಗೂ ನಡುವೆ 0.002 ಸೆಕೆಂಡ್. ಗಂಟೆಗೆ 120 ಕಿ.ಮೀ. ವೇಗ ಅಂತ ಹಿಡಿದರೂ ಅದು ಏಳು ಸೆಂಟಿಮೀಟರ್‌ಗಿಂತ ಕಡಿಮೆ ದೂರ. ಯಾವುದೋ ಒಂದು ತಿರುವಿನಲ್ಲಿ ತಲೆ ಒಂಚೂರು ಎತ್ತಿ ದಾರಿ ನೋಡಿದ್ದಕ್ಕೇ ಅಷ್ಟು ಹೋಗಿರಬಹುದು.

ಲೆಕ್ಕದ_ಮೇಷ್ಟ್ರು:

ನಾಲ್ಕು ರನ್ ಕೂಡಿಸುವ ಬಗ್ಗೆ ಕೇಳಿದ್ದೀರಿ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಎಲ್ಲಕ್ಕಿಂತ ಒಳ್ಳೇ ಒಂದು ರನ್ ಮಾತ್ರ ತಗೊಂಡರೆ ಏನಾಗುತ್ತೆ ಯೋಚಿಸಿ. ಬೆಳಗ್ಗೆ ಮಂಜುಗಡ್ಡೆ ಗಟ್ಟಿ, ಮಧ್ಯಾಹ್ನ ಹವೆ ಬೇರೆ. ಮೊದಲು ಇಳಿದವನಿಗೆ ನುಣುಪು ಟ್ರ್ಯಾಕ್, ಇಪ್ಪತ್ತನೆಯವನಿಗೆ ಗೀರು ಬಿದ್ದ ಟ್ರ್ಯಾಕ್. ಒಂದೇ ರನ್ ಆದರೆ ಯಾರಿಗೆ ಯಾವಾಗ ಸರದಿ ಬಂತು ಅನ್ನೋದೇ ಫಲಿತಾಂಶ ಆಗಿಬಿಡುತ್ತೆ. ನಾಲ್ಕು ಕೂಡಿಸಿದರೆ ಅದು ಸುಮಾರಾಗಿ ಸಮ ಆಗುತ್ತೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮತ್ತು ವರ್ಲ್ಡ್ ಕಪ್‌ನಲ್ಲಿ ಎರಡೇ ರನ್, ನಾಲ್ಕು ಇರೋದು ಒಲಿಂಪಿಕ್ಸ್ ಸಿಂಗಲ್ಸ್‌ನಲ್ಲಿ. ಅಂದಹಾಗೆ ಒಲಿಂಪಿಕ್ಸ್ ಇರುವ ವರ್ಷ ಇವರಿಗೆ ವಿಶ್ವ ಚಾಂಪಿಯನ್‌ಶಿಪ್ ಇರಲ್ಲ.

ಸಾವಿರದ ಒಂದು ಭಾಗದವರೆಗೆ ಅಳೆಯೋಕೂ ಕಾರಣ ಇದೆ. 1972ರಲ್ಲಿ ಸಪ್ಪೊರೊದಲ್ಲಿ ಡಬಲ್ಸ್‌ನಲ್ಲಿ ಇಟಲಿ, ಪೂರ್ವ ಜರ್ಮನಿ ಎರಡಕ್ಕೂ ಒಂದೇ ಸಮಯ ಬಂದು ಇಬ್ಬರಿಗೂ ಚಿನ್ನ ಕೊಡಬೇಕಾಯಿತು. ಆಗ ಅಳೆಯುತ್ತಿದ್ದದ್ದು ನೂರರ ಭಾಗದವರೆಗೆ. 1998ರಲ್ಲಿ ನಗಾನೊದಲ್ಲಿ ಮಹಿಳೆಯರ ಚಿನ್ನವೂ ಹೀಗೇ 0.002 ಸೆಕೆಂಡಿನಲ್ಲಿ ಸಿಲ್ಕೆ ಕ್ರೌಸ್‌ಹಾರ್ ಪಾಲಾಯಿತು. ಹಳೇ ಪದ್ಧತಿಯಲ್ಲಿ ಅಷ್ಟು ಸಣ್ಣ ಅಂತರ ಗೊತ್ತೇ ಆಗದೆ ಇರಬಹುದಿತ್ತು.

ಮೋಸಕ್ಕೂ ಜಾಗ ಕಡಿಮೆ. ಸ್ಲೆಡ್‌ನ ಕೆಳಗಿನ ಉಕ್ಕಿನ ಪಟ್ಟಿಯನ್ನು ಬಿಸಿ ಮಾಡಿಕೊಂಡು ಬಂದರೆ ಚೆನ್ನಾಗಿ ಜಾರುತ್ತೆ. ಅದಕ್ಕೇ ಹೊರಡುವ ಮುಂಚೆ ಅದರ ಉಷ್ಣಾಂಶ ನೋಡುತ್ತಾರೆ. ಮಿತಿ ದಾಟಿದ್ದರೆ ಸ್ಪರ್ಧೆಯಿಂದ ಹೊರಗೆ. ತೂಕ ಕಡಿಮೆ ಇರೋರು ಸೀಸದ ತೂಕ ಹಾಕಿಕೊಂಡು ಇಳಿಯಬಹುದು, ಅದಕ್ಕೂ ಒಂದು ಮಿತಿ ಉಂಟು.

ಗುಡ್ಡದ_ಗಾಳಿ:

ಇಷ್ಟು ಜನ ಇಷ್ಟು ಬರೆದಿದ್ದೀರಿ, ಅದೇ ಪಟ್ಟಿಯ 34ನೇ ಸಾಲನ್ನು ಯಾರೂ ನೋಡಲಿಲ್ವಾ? ಶಿವ ಕೇಶವನ್, ಭಾರತ. ಅದು ಅವರ ಆರನೇ ಮತ್ತು ಕೊನೇ ಒಲಿಂಪಿಕ್ಸ್. 1998ರಲ್ಲಿ ನಗಾನೊದಲ್ಲಿ 16ರ ಹುಡುಗನಾಗಿ ಮೊದಲ ಸಲ ಇಳಿದಾಗ 28ನೇ ಸ್ಥಾನ. 2006ರಲ್ಲಿ ಟ್ಯೂರಿನ್‌ನಲ್ಲಿ 25, ಅದೇ ಅವರ ಅತ್ಯುತ್ತಮ.

ಮನಾಲಿ ಕಡೆಯವರು. ನಮ್ಮ ದೇಶದಲ್ಲಿ ಲೂಜ್ ಟ್ರ್ಯಾಕ್ ಇಲ್ಲ. ಸ್ಲೆಡ್‌ಗೆ ಚಕ್ರ ಕಟ್ಟಿಕೊಂಡು ಹಿಮಾಲಯದ ಘಾಟಿ ರಸ್ತೆಯಲ್ಲಿ ಲಾರಿಗಳ ನಡುವೆ, ಕುರಿ ಹಿಂಡಿನ ಪಕ್ಕದಲ್ಲಿ ಮಲಗಿಕೊಂಡು ಇಳಿಯುವ ಅವರ ವಿಡಿಯೋ ಸಿಗುತ್ತೆ, ಹುಡುಕಿ ನೋಡಿ. ನಮ್ಮೂರ ಘಾಟಿಯಲ್ಲಿ ಬಸ್ಸಿನೊಳಗೆ ಕೂತರೇ ನನಗೆ ಎದೆ ಹೊಡ್ಕೊಳ್ಳುತ್ತೆ. 2014ರ ಸೋಚಿಯಲ್ಲಿ ಅಭ್ಯಾಸದ ರನ್‌ನಲ್ಲಿ ಸ್ಲೆಡ್‌ನಿಂದ ಕೆಳಗೆ ಬಿದ್ದು, ಜಾರುತ್ತಲೇ ಮತ್ತೆ ಅದರ ಮೇಲೆ ಹತ್ತಿ ಮುಂದೆ ಹೋದದ್ದೂ ಇವರೇ. ಅದೇ ಸಲ ಭಾರತೀಯ ಒಲಿಂಪಿಕ್ ಸಂಸ್ಥೆಯ ಮೇಲೆ ನಿಷೇಧ ಇತ್ತು, ಹಾಗಾಗಿ ನಮ್ಮ ಬಾವುಟ ಇಲ್ಲದೆ ಒಲಿಂಪಿಕ್ ಬಾವುಟದ ಕೆಳಗೆ ಸ್ಪರ್ಧೆ ಮಾಡಬೇಕಾಯಿತು. ನಿಷೇಧ ತೆಗೆದರು, ಯಾವಾಗ? ಇವರ ಸ್ಪರ್ಧೆ ಮುಗಿದು ಎರಡು ದಿನ ಆದ ಮೇಲೆ! 2020ರಲ್ಲಿ ಅರ್ಜುನ ಪ್ರಶಸ್ತಿ ಬಂತು. ತಡ ಆಯಿತು ಅನ್ನೋದು ನನ್ನ ಅಭಿಪ್ರಾಯ.

ಚುಮುಚುಮು_ಚಳಿ:

ಕುರಿ ಹಿಂಡಿನ ವಿಡಿಯೋ ಸಿಕ್ಕಿತು, ಮೈ ಜುಂ ಅಂತು. ಒಂದು ಪ್ರಶ್ನೆ. ಫಲಿತಾಂಶದ ಪಟ್ಟಿಯಲ್ಲಿ ಕೇಶವನ್ ಹೆಸರಿನ ಮುಂದೆ ಮೂರೇ ರನ್ ಇದೆ, ನಾಲ್ಕನೆಯದು ಖಾಲಿ. ಬಿದ್ದುಬಿಟ್ಟರಾ?

ಲೆಕ್ಕದ_ಮೇಷ್ಟ್ರು:

ಬಿದ್ದಿಲ್ಲ. ಮೂರು ರನ್ ಆದ ಮೇಲೆ ಮೊದಲ 20 ಜನ ಮಾತ್ರ ಕೊನೇ ರನ್ ಇಳೀತಾರೆ, ಉಳಿದವರ ಸ್ಥಾನ ಅಲ್ಲಿಗೇ ಗಟ್ಟಿ. ಆ 20 ಜನ ತಿರುಗಮುರುಗ ಇಳೀತಾರೆ, ಹಿಂದಿರುವವನು ಮೊದಲು, ಮೊದಲಿರುವವನು ಕೊನೆಗೆ. ಅದಕ್ಕೇ ಲಾಖ್ ಎಲ್ಲರ ಸಮಯ ತಿಳಿದುಕೊಂಡೇ ಮೇಲೆ ಕಾಯುತ್ತಿದ್ದ.

ಮ್ಯೂನಿಕ್_ಕನ್ನಡಿಗ:

2022ರಲ್ಲಿ ಬೀಜಿಂಗ್‌ನಲ್ಲಿ ಏನಾಯಿತು ಅಂತಲೂ ಹೇಳಿಬಿಡ್ತೀನಿ. ಲುಡ್ವಿಗ್ 35ನೇ ವಯಸ್ಸಿಗೆ ಚಿನ್ನ, ಕಿಂಡ್ಲ್‌ಗೆ ಬೆಳ್ಳಿ, ಫಿಶ್ನಾಲರ್‌ಗೆ ಕಂಚು. ಕೊನೆಗೂ ಸಿಕ್ಕಿತು ಅವನಿಗೆ, ತುಂಬಾ ಖುಷಿಯಾಯಿತು. ಲಾಖ್ ನಾಲ್ಕನೇ ಸ್ಥಾನ.

ತಿರುವು_ಹದಿಮೂರು:

ಬೀಜಿಂಗ್ ಅಂದರೆ ಪುರುಷರದ್ದಕ್ಕಿಂತ ಮಹಿಳೆಯರದ್ದು ನೋಡಿ. ನನ್ನ ಹೆಸರು ಎಲ್ಲಿಂದ ಬಂತು ಅನ್ನೋದೂ ಗೊತ್ತಾಗುತ್ತೆ. ಯಾನ್‌ಚಿಂಗ್‌ನ ಆ ಟ್ರ್ಯಾಕ್‌ನಲ್ಲಿ ಮೊದಲ ರನ್ ಆದಾಗ ಜರ್ಮನಿಯ ಯೂಲಿಯಾ ಟೌಬಿಟ್ಸ್ ಮುಂದಿದ್ದಳು, ಎರಡನೇ ರನ್‌ನಲ್ಲಿ 13ನೇ ತಿರುವು ಅವಳನ್ನು ಕೆಡವಿತು. ಎದ್ದು ಉಳಿದ ಎರಡೂ ರನ್ ಇಳಿದು ಏಳನೇ ಸ್ಥಾನಕ್ಕೆ ಬಂದಳು. ಚಿನ್ನ ನತಾಲಿ ಗೈಸೆನ್‌ಬರ್ಗರ್‌ಗೆ, ಸಿಂಗಲ್ಸ್‌ನಲ್ಲಿ ಸತತ ಮೂರನೇದು. ಲಾಖ್‌ಗೆ ತಪ್ಪಿಹೋದ ಲೆಕ್ಕ ಅವಳಿಗೆ ಕೂಡಿ ಬಂತು, ಅದೂ 2020ರಲ್ಲಿ ಮಗು ಹೆತ್ತು ಮತ್ತೆ ಸ್ಲೆಡ್ ಹತ್ತಿದ ಮೇಲೆ.