ಹೊನ್ನಾವರದ ಆಚೆ ಕಡಲೊಳಗೆ ಉಪ್ಪಿನ ಎರಡು ಉಬ್ಬು: ಯಾವ ನೀರು ಎಲ್ಲಿಂದ ಬಂದದ್ದು?

ಶಂಕರಘಟ್ಟ_ಎಂಎಸ್ಸಿ:
ಶರಾವತಿ ಕಡಲು ಸೇರುವಲ್ಲಿಂದ ಪಶ್ಚಿಮಕ್ಕೆ, 14 ಡಿಗ್ರಿ ಉತ್ತರ, 71 ಡಿಗ್ರಿ ಪೂರ್ವದ ಆಸುಪಾಸಿನ ಆರ್ಗೋ ಫ್ಲೋಟ್ (ಕಡಲಲ್ಲಿ ಮುಳುಗಿ ಎದ್ದು ತಾಪಮಾನ, ಉಪ್ಪು ಅಳೆಯುವ ತೇಲುಯಂತ್ರ) ದತ್ತಾಂಶ, ಜನವರಿಯದ್ದು. ಮೇಲೆ ಲವಣಾಂಶ 34.9 (ಸುಮಾರಾಗಿ ಕೆಜಿ ನೀರಿಗೆ ಅಷ್ಟು ಗ್ರಾಂ ಉಪ್ಪು). 80 ಮೀಟರಿನಲ್ಲಿ 36ಕ್ಕೆ ಏರಿ ಇಳಿಯುತ್ತದೆ. 300 ಮೀಟರಿನ ಹತ್ತಿರ ಮತ್ತೊಂದು ಸಣ್ಣ ಉಬ್ಬು. ಹತ್ತು ದಿನದ ನಂತರದ ಪ್ರೊಫೈಲಿನಲ್ಲಿ (ಮೇಲಿಂದ ಕೆಳಗಿನವರೆಗಿನ ಒಂದು ಅಳತೆಯಲ್ಲಿ) ಮೊದಲ ಉಬ್ಬು 60 ಮೀಟರಿಗೆ ಬಂದಿದೆ. ನೀರೇ ಬದಲಾಯಿತೇ?

ಘಟ್ಟದ_ಕೆಳಗೆ:
ಆಳವನ್ನು ನಂಬಬೇಡಿ, ಸಾಂದ್ರತೆ ಹಿಡಿದು ನೋಡಿ. ಒಳ ಅಲೆಗಳು ಒಂದೇ ನೀರನ್ನು ಹತ್ತಾರು ಮೀಟರ್ ಎತ್ತಿ ಇಳಿಸುತ್ತವೆ, ಅದರ ಸಾಂದ್ರತೆ ಮಾತ್ರ ಹಾಗೇ ಇರುತ್ತದೆ. ಜಿಎಸ್‌ಡಬ್ಲ್ಯೂ ಎಂಬ ಸಮುದ್ರನೀರಿನ ಲೆಕ್ಕದ ಪ್ಯಾಕೇಜಿನಲ್ಲಿ ಮೊದಲು ನಿರಪೇಕ್ಷ ಲವಣಾಂಶ (ಕೆಜಿ ನೀರಿನಲ್ಲಿ ಕರಗಿದ ಉಪ್ಪಿನ ಗ್ರಾಂ), ಆಮೇಲೆ ಕನ್ಸರ್ವೇಟಿವ್ ತಾಪಮಾನ (ಒತ್ತಡದ ಪರಿಣಾಮ ಕಳೆದು ನೀರಿನ ಶಾಖ ಹೇಳುವ ಅಳತೆ), ಕೊನೆಗೆ ಸಿಗ್ಮಾ, ಅಂದರೆ ಸಾಂದ್ರತೆಯಿಂದ 1000 ಕಳೆದು ಉಳಿದದ್ದು, ತೆಗೆಯಿರಿ. ಸಿಗ್ಮಾ 26.6 ಅಂದರೆ ಘನ ಮೀಟರಿಗೆ 1026.6 ಕೆಜಿ.

ಸಿಗ್ಮಾ 22.8ರಿಂದ 24.5ರೊಳಗಿನ ಉಬ್ಬು ಅರಬ್ಬಿ ಸಮುದ್ರದ ಅಧಿಕ ಲವಣ ನೀರು. ಚಳಿಗಾಲದ ಒಣ ಗಾಳಿಗೆ ಉತ್ತರದಲ್ಲಿ ಆವಿಯಾಗಿ, ತಣ್ಣಗಾಗಿ, ಮುಳುಗಿ ದಕ್ಷಿಣಕ್ಕೆ ಹರಿದು ಬಂದದ್ದು. 26.2–26.8 ಆದರೆ ಹೊರ್ಮುಜ್ ಜಲಸಂಧಿ ದಾಟಿ ಬಂದ ಪರ್ಷಿಯನ್ ಕೊಲ್ಲಿಯ ನೀರು. 27.2ರ ಸುತ್ತ, 500–800 ಮೀಟರಿನಲ್ಲಿ ಸಿಕ್ಕರೆ ಕೆಂಪು ಸಮುದ್ರದ್ದು. ಹಳೆಯ ಪ್ರಬಂಧಗಳ ಲವಣಾಂಶದ ಅಂಕಿಗಳು ಹೆಚ್ಚಾಗಿ ಪ್ರಾಯೋಗಿಕ ಲವಣಾಂಶದವು (ನೀರಿನ ವಾಹಕತೆಯಿಂದ ಲೆಕ್ಕ ಹಾಕಿದ್ದು). ನಿರಪೇಕ್ಷ ಲವಣಾಂಶ ಅದಕ್ಕಿಂತ ಸುಮಾರು 0.17 ಹೆಚ್ಚು ಬರುತ್ತದೆ. ಎರಡನ್ನೂ ಒಂದೇ ನಕ್ಷೆಯಲ್ಲಿ ಬೆರೆಸಿದರೆ ಇಲ್ಲದ ಉಬ್ಬು ಕಾಣುತ್ತದೆ.

ತುಂಗಾತೀರ:
ಮೇಲ್ಮೈಯ 34.9 ಬಿಡಬೇಡಿ, ಅದೇ ಸ್ವಾರಸ್ಯದ್ದು. ನಮ್ಮ ತುಂಗೆ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತಾಳಲ್ಲ, ಆ ಕೊಲ್ಲಿಯ ಉಪ್ಪು ಕಡಿಮೆಯಾದ ನೀರು ನವೆಂಬರ್–ಫೆಬ್ರವರಿಯಲ್ಲಿ ಶ್ರೀಲಂಕಾ ಸುತ್ತಿ ನಮ್ಮ ಕರಾವಳಿಯುದ್ದಕ್ಕೂ ಉತ್ತರಕ್ಕೆ ಹರಿಯುತ್ತದೆ. ಅದು ಹಗುರ, ಹಾಗಾಗಿ ಉಪ್ಪುನೀರಿನ ಮೇಲೇ ಉಳಿಯುತ್ತದೆ.

ಶಂಕರಘಟ್ಟ_ಎಂಎಸ್ಸಿ:
ಧನ್ಯವಾದ ಸರ್. ಸಿಗ್ಮಾ 24.1ರಲ್ಲಿ ಎರಡೂ ಪ್ರೊಫೈಲ್ ಒಂದರ ಮೇಲೊಂದು ಕೂತವು. ಕೆಳಗಿನದು 26.6ರಲ್ಲಿ ಬಂತು, ಆದರೆ ಎತ್ತರ ಬರೀ 0.05. ಸೆನ್ಸರ್ ದೋಷವೇ?

ಘಟ್ಟದ_ಕೆಳಗೆ:
ಎಷ್ಟು ಬಿಂದುಗಳಲ್ಲಿ ಕಾಣುತ್ತಿದೆ ನೋಡಿ. ಒಂದೇ ಬಿಂದು ಜಿಗಿದಿದ್ದರೆ ಅನುಮಾನಿಸಿ: ತಾಪಮಾನ ಥಟ್ಟನೆ ಬದಲಾಗುವಲ್ಲಿ ತಾಪಮಾನದ ಸೆನ್ಸರ್, ವಾಹಕತೆ (ನೀರು ವಿದ್ಯುತ್ ಹರಿಸುವ ಗುಣ) ಅಳೆಯುವ ಸೆಲ್ ಒಂದೇ ವೇಗದಲ್ಲಿ ಸ್ಪಂದಿಸುವುದಿಲ್ಲ, ಲೆಕ್ಕದಲ್ಲಿ ಲವಣಾಂಶ ಸುಳ್ಳು ಮುಳ್ಳಾಗಿ ಏಳುತ್ತದೆ. ಆಗ ಆಳಕ್ಕೆ ಹೋದಂತೆ ಸಾಂದ್ರತೆ ಕಡಿಮೆಯಾದ ಹಾಗೂ ಕಾಣಬಹುದು. ನಾಲ್ಕೈದು ಬಿಂದು ಸೇರಿ ನಯವಾಗಿ ಉಬ್ಬಿದ್ದು, ಮುಂದಿನ ಪ್ರೊಫೈಲುಗಳಲ್ಲೂ ಅದೇ ಸಿಗ್ಮಾದಲ್ಲಿ ಇದ್ದರೆ ನೀರೇ. ಸೆನ್ಸರ್ ಜಾರಿದ್ದರೆ ಇಡೀ ಪ್ರೊಫೈಲ್ ಸರಿಯುತ್ತದೆ, ನಡುವೆ ಉಬ್ಬು ಏಳುವುದಿಲ್ಲ. 1,500 ಮೀಟರಿನ ಕೆಳಗೆ ಒಂದೇ ತಾಪಮಾನದಲ್ಲಿ ಪ್ರೊಫೈಲುಗಳನ್ನು ಹೋಲಿಸಿ. ಆರ್ಗೋದ ಗುರಿ 0.01 ನಿಖರತೆ, ಸತತವಾಗಿ ಅದಕ್ಕಿಂತ ಹೆಚ್ಚು ಒಂದೇ ಕಡೆ ಸರಿಯುತ್ತಿದ್ದರೆ ಸೆಲ್ ಕೆಟ್ಟಿದೆ.

ಕೆಳಗಿನ ಉಬ್ಬಿನಲ್ಲಿ ಎಷ್ಟು ಪಾಲು ಪರ್ಷಿಯನ್ ಕೊಲ್ಲಿಯ ನೀರು ಎಂದು ಲೆಕ್ಕ ಹಾಕುವುದಾದರೆ ಒಂದೇ ಸಿಗ್ಮಾದಲ್ಲಿ ಹಾಕಿ. ಮೂಲದಲ್ಲಿ 36.5, ಸುತ್ತಲಿನದು 35.0, ನಿಮ್ಮದು 35.3 ಎಂದಿಟ್ಟುಕೊಂಡರೆ 0.3 ಭಾಗಿಸು 1.5, ಅಂದರೆ ಶೇ. 20. ಆಮ್ಲಜನಕ ಇಟ್ಟುಕೊಂಡು ಈ ಲೆಕ್ಕ ಆಗದು, ಜೀವಿಗಳು ಅದನ್ನು ದಾರಿಯಲ್ಲೇ ಬಳಸುತ್ತವೆ. ಮೇಲ್ಮೈ ಬಿಟ್ಟು ಕೆಳಗೆ ಉಪ್ಪು ಮಿಶ್ರಣದಿಂದ ಮಾತ್ರ ಬದಲಾಗುತ್ತದೆ. ಗುಣಮಟ್ಟದ ಗುರುತು 1 (ದತ್ತಾಂಶ ಸರಿಯಿದೆ ಎಂದು) ಇರುವ, ತಿದ್ದಿದ ಲವಣಾಂಶದ ಕಾಲಂ ಮಾತ್ರ ಬಳಸಿ. ತಜ್ಞರು ತಡವಾಗಿ ಪರಿಶೀಲಿಸಿ ಕೊಡುವ ‘ಡಿ’ ಫೈಲ್ ಬರುವವರೆಗೆ ಶೇಕಡಾವಾರು ಪ್ರಕಟಿಸಬೇಡಿ.